ದರ್ಶಿನಿಯಲ್ಲಿ ಎರಡನೇ ಸಲ ಚಟ್ನಿ: ಬೆಂಗಳೂರಿನ ನಿಂತು ತಿನ್ನುವ ಹೋಟೆಲುಗಳ ಬಗ್ಗೆ ಹಳೇ ಗಿರಾಕಿಯ ವಿಮರ್ಶೆ

ಒಂದು ದರ್ಶಿನಿ ಹೇಗಿದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಚಟ್ನಿಯ ಬಗ್ಗೆಯೇ ಹೇಳುತ್ತೇನೆ. ಅದರ ರುಚಿ ಆಮೇಲಿನ ಮಾತು. ಅರ್ಧ ತಿಂದ ತಟ್ಟೆ ಹಿಡಿದು ಎರಡನೇ ಸಲ ಕೌಂಟರಿಗೆ ಹೋದಾಗ ಅಲ್ಲಿರುವವರು ಸೌಟು ಎತ್ತುತ್ತಾರಾ, ಮುಖ ನೋಡುತ್ತಾರಾ? ಇಷ್ಟು ಗೊತ್ತಾದರೆ ಆ ಹೋಟೆಲಿನ ಮುಕ್ಕಾಲು ಭಾಗ ಗೊತ್ತಾದ ಹಾಗೆ.

ನನ್ನ ಕೆಲಸ ಬಸವನಗುಡಿ ಕಡೆ. ಬೇಗ ಮನೆ ಬಿಡಬೇಕು, ತಿಂಡಿ ಮಾಡಿಕೊಂಡು ಕೂರುವಷ್ಟು ಹೊತ್ತು ಇರುವುದಿಲ್ಲ. ಹಾಗಾಗಿ ಎಷ್ಟೋ ವರ್ಷಗಳಿಂದ ಬೆಳಗಿನ ತಿಂಡಿ ಹೊರಗೇ. ಇಡ್ಲಿ-ವಡೆ, ಒಂದು ಕಾಫಿ, ಎಲ್ಲ ಸೇರಿ ನೂರು ರೂಪಾಯಿಯೊಳಗೆ ಮುಗಿಯಬೇಕು. ಅದಕ್ಕಿಂತ ಜಾಸ್ತಿಯಾದರೆ ತಿಂಗಳ ಕೊನೆಗೆ ಕೈ ಕಚ್ಚುತ್ತದೆ. ಈ ಲೆಕ್ಕದಲ್ಲಿ ಬಿಸಿಯಾಗಿ, ಶುಚಿಯಾಗಿ, ಐದು ನಿಮಿಷದಲ್ಲಿ ಕೈಗೆ ಸಿಗುವ ತಿಂಡಿ ದರ್ಶಿನಿ ಬಿಟ್ಟರೆ ಇನ್ನೆಲ್ಲೂ ಇಲ್ಲ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರು ತುಂಬ ಇದೇ ಪದ್ಧತಿ ಹಬ್ಬಿತು. ಮೊದಲು ದುಡ್ಡು, ಆಮೇಲೆ ಟೋಕನ್, ಆಮೇಲೆ ತಟ್ಟೆ. ಕುರ್ಚಿ ಇಲ್ಲ, ಸರ್ವರ್ ಇಲ್ಲ, ಟಿಪ್ಸ್ ಇಲ್ಲ. ಅಡುಗೆಮನೆ ಕಣ್ಣೆದುರೇ ಇರುತ್ತದೆ. ಇದೆಲ್ಲ ನಿಮಗೆ ಗೊತ್ತೇ ಇದೆ.

ಆದರೆ ಆ ಕೌಂಟರಿನ ಮುಂದೆ ನಿಂತಾಗಿನ ಎರಡು ನಿಮಿಷ ನನಗೆ ಈಗಲೂ ಸಾಕಾಗಿಲ್ಲ. ಟೋಕನ್ ಇಟ್ಟ ಕೂಡಲೇ 'ಡಿಪ್ಪಾ, ಸಪರೇಟಾ?' ಅನ್ನುವ ಪ್ರಶ್ನೆ ಬರುತ್ತದೆ, ಅಂದರೆ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕೊಡಬೇಕಾ, ಸಾಂಬಾರ್ ಬೇರೆ ಕೊಡಬೇಕಾ ಅಂತ. ಇನ್ನೂ ನೀರಾರದ ಸ್ಟೀಲ್ ತಟ್ಟೆ. ಇಡ್ಲಿ ತಟ್ಟೆಯ ಒದ್ದೆ ಬಟ್ಟೆ ಎತ್ತಿದಾಗ ಒಮ್ಮೆಲೇ ಮೇಲೇಳುವ ಹಬೆ. ಚಮಚದ ಅಂಚಿನಲ್ಲಿ ಇಡ್ಲಿ ಬಿಡಿಸಿ ಹಾಕುವಾಗ ಅವರ ಕೈ ಸುಡುವುದೇ ಇಲ್ಲವೇನೋ ಅನ್ನಿಸುತ್ತದೆ. ನಾನು ಯಾವಾಗಲೂ ಡಿಪ್ ಬೇಡ, ಸಾಂಬಾರೂ ಬೇಡ, ಚಟ್ನಿ ಮಾತ್ರ ಅನ್ನುತ್ತೇನೆ. ಆಗ ಸೌಟು ತುಂಬ ಚಟ್ನಿ ಬಂದು ಇಡ್ಲಿಯ ಸುತ್ತ ಹರಡಿಕೊಳ್ಳುತ್ತದೆ.

ತಟ್ಟೆ ಹಿಡಿದು ಕಂಬದ ಪಕ್ಕದ ಟೇಬಲ್ಲಿಗೆ ಹೋಗುತ್ತೇನೆ. ಬ್ಯಾಗು ಎರಡು ಕಾಲಿನ ನಡುವೆ. ಮೊದಲು ವಡೆಯ ಗರಿಗರಿ ಅಂಚನ್ನು ಚಟ್ನಿ ತಾಗಿಸದೆ ಹಾಗೇ ಮುರಿದು ತಿನ್ನಬೇಕು. ಆಮೇಲೆ ಇಡ್ಲಿ. ಉಳಿದ ವಡೆಯನ್ನು ಚಟ್ನಿಯಲ್ಲಿ ನೆನೆಯಲು ಬಿಡಬೇಕು. ಒಂದೂವರೆ ಇಡ್ಲಿ ಮುಗಿಯುವ ಹೊತ್ತಿಗೆ ಸರಿಯಾಗಿ ಚಟ್ನಿ ಖಾಲಿ. ಎಲ್ಲ ಕಡೆಯೂ ಹೀಗೇ ಆಗುತ್ತದೆ. ಅರ್ಧ ಇಡ್ಲಿ, ನೆನೆದ ವಡೆ ಇಟ್ಟುಕೊಂಡು ಮತ್ತೆ ಕೌಂಟರಿಗೆ ಹೋಗುವುದು, ಮಾತಿಲ್ಲದೆ ತಟ್ಟೆ ಚಾಚುವುದು, ಅವರೂ ಮಾತಿಲ್ಲದೆ ಇನ್ನೊಂದು ಸೌಟು ಸುರಿಯುವುದು. ಪರಿಚಯವೇ ಇಲ್ಲದವರು 'ತಗೊಳ್ಳಿ, ಹೊಟ್ಟೆ ತುಂಬ ತಿನ್ನಿ' ಅಂದ ಹಾಗಿರುತ್ತದೆ. ಈ ದೊಡ್ಡ ಊರಿನಲ್ಲಿ ಬೆಳಗ್ಗೆ ಬೆಳಗ್ಗೆ ಅಷ್ಟು ಸಿಗುವುದು ಸಣ್ಣ ಮಾತಲ್ಲ.

ಇದನ್ನು ಸರಿಯಾಗಿ ನೋಡಬೇಕಾದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋಗಬೇಕು. 1965ರಿಂದ ಇರುವ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕುಡಿಯಲು ಕಾಫಿ-ಟೀ. ಸಾಂಬಾರ್ ಕೇಳಿದರೆ ಇಲ್ಲ. ಅಲ್ಲಿ ಚಟ್ನಿ ಹಾಕುವುದಕ್ಕೆಂದೇ ಒಬ್ಬರು ನಿಂತಿರುತ್ತಾರೆ. ತೆಳ್ಳಗಿನ ಚಟ್ನಿ, ಹಸಿಮೆಣಸಿನಕಾಯಿಯ ಖಾರ ನಾಲಿಗೆಗೆ ಸ್ವಲ್ಪ ತಡವಾಗಿ ಹತ್ತುತ್ತದೆ. ಜನ ಫುಟ್‌ಪಾತಿನಲ್ಲಿ, ಸ್ಕೂಟರಿಗೆ ಒರಗಿಕೊಂಡು ತಿನ್ನುತ್ತಿರುತ್ತಾರೆ. ಎಷ್ಟು ಸಲ ಹೋದರೂ ಹಾಕುತ್ತಾರೆ. ಮಲ್ಲೇಶ್ವರದ ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್‌ನಲ್ಲೂ ಇಡ್ಲಿ ಮುಳುಗುವಷ್ಟು ಚಟ್ನಿ.

ಈಗ ಬೇಜಾರಿನ ವಿಷಯಕ್ಕೆ ಬರುತ್ತೇನೆ. ಆಫೀಸಿನ ಹತ್ತಿರ ನಾನು ದಿನಾ ಹೋಗುತ್ತಿದ್ದ ದರ್ಶಿನಿಯೊಂದಿತ್ತು. ಹೆಸರು ಬೇಡ. ಒಂದಷ್ಟು ದಿನ ಬಾಗಿಲು ಹಾಕಿ ಹೊಸ ಟೈಲ್ಸ್, ಹೊಸ ಲೈಟು ಎಲ್ಲ ಮಾಡಿಸಿದರು. ತೆರೆದ ಮೇಲೆ ನೋಡಿದರೆ ಸೌಟೇ ಇಲ್ಲ! ಚಟ್ನಿ ಪುಟ್ಟ ಪ್ಲಾಸ್ಟಿಕ್ ಕಪ್ಪಿನಲ್ಲಿ, ಮೊದಲೇ ತುಂಬಿಸಿ ಸಾಲಾಗಿ ಜೋಡಿಸಿಟ್ಟಿದ್ದಾರೆ. ಇನ್ನೊಂದು ಬೇಕಾದರೆ ಹತ್ತು ರೂಪಾಯಿ. ಅದಕ್ಕೂ ಟೋಕನ್.

ಹತ್ತು ರೂಪಾಯಿ ನನಗೆ ಲೆಕ್ಕಕ್ಕೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಜಾಸ್ತಿ ನೋವಾಗಿದ್ದು ಮತ್ತೆ ಕ್ಯೂನಲ್ಲಿ ನಿಲ್ಲಬೇಕಲ್ಲ, ಅದಕ್ಕೆ. ಎಂಜಲು ಕೈ, ಆ ಕೈಯಲ್ಲಿ ಫೋನ್ ತೆಗೆಯಲು ಆಗುವುದಿಲ್ಲ, ಇತ್ತ ಟೇಬಲ್ಲಿನ ಮೇಲೆ ಇಡ್ಲಿ ಆರುತ್ತಿದೆ. ಅಲ್ಲಿ ಹಿರಿಯರೊಬ್ಬರು ಅಭ್ಯಾಸಬಲದಿಂದ ತಟ್ಟೆ ಚಾಚಿದ್ದನ್ನು ನೋಡಿದೆ. ಕೌಂಟರಿನ ಹುಡುಗ ಅವರ ಮುಖ ನೋಡಿದ, ಕ್ಯಾಶಿಯರ್ ಕಡೆ ನೋಡಿದ, ತಲೆ ತಗ್ಗಿಸಿದ. ಅವನಿಗೂ ಹಾಕುವ ಆಸೆ ಇತ್ತು. ಆ ಹಿರಿಯರು ಏನೂ ಅನ್ನದೆ ವಾಪಸ್ ಹೋಗಿ ಒಣ ಇಡ್ಲಿ ತಿಂದು ಮುಗಿಸಿದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ರುಚಿಯೂ ಕೆಟ್ಟಿದೆ. ಕಪ್ಪಿನಲ್ಲಿ ನಿಲ್ಲಬೇಕು ಅಂತ ಹುರಿಗಡಲೆ ಜಾಸ್ತಿ ಹಾಕಿ ಗಟ್ಟಿ ಮಾಡುತ್ತಾರೆ. ಬಿಸಿ ಇಡ್ಲಿಗೆ ತಣ್ಣಗಿನ ಚಟ್ನಿ ತಗುಲಿದರೆ ಫ್ರಿಜ್ಜಿನಿಂದ ಬಂದಿದೆ ಅಂತ ಬಾಯಿಗೆ ತಕ್ಷಣ ಗೊತ್ತಾಗುತ್ತದೆ. ತೆಂಗಿನ ಚಟ್ನಿಗೆ ಆಯಸ್ಸು ಕಮ್ಮಿ. ಬೆಳಗ್ಗೆ ರುಬ್ಬಿದ್ದು ಮಧ್ಯಾಹ್ನದ ಹೊತ್ತಿಗೆ ಹುಳಿ ತಿರುಗುತ್ತದೆ. ಗಂಟೆಗೊಮ್ಮೆ ರುಬ್ಬಿ ಬಡಿಸಿದರೇ ಚೆಂದ.

ಹೋಟೆಲಿನವರ ಕಷ್ಟ ನನಗೆ ಅರ್ಥವಾಗುತ್ತದೆ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿದ್ದು ಎಲ್ಲರ ಮನೆಯಲ್ಲೂ ಗೊತ್ತಾಗಿದೆ. ಅದೇ ವರ್ಷ ಏಪ್ರಿಲ್‌ನಿಂದ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಜಾಸ್ತಿಯಾಯಿತು. ಬಾಡಿಗೆ, ಗ್ಯಾಸು ಬೇರೆ. ಹಾಗಿದ್ದರೆ ಪ್ಲೇಟಿನ ಮೇಲೆ ಐದು ರೂಪಾಯಿ ಏರಿಸಿ, ಸಂತೋಷವಾಗಿ ಕೊಡುತ್ತೇನೆ. ಜನ ಚಟ್ನಿ ಬಿಟ್ಟು ಎದ್ದು ಹೋಗುತ್ತಾರೆ, ವೇಸ್ಟ್ ಆಗುತ್ತದೆ ಅನ್ನುತ್ತಾರೆ. ಅದೂ ನಿಜ, ಟಬ್ಬಿಗೆ ಬೀಳುವ ತಟ್ಟೆಗಳನ್ನು ನಾನೂ ನೋಡಿದ್ದೇನೆ. ಅದಕ್ಕೇ ಅಲ್ವಾ ಸೌಟು ಇರುವುದು? ಮೊದಲು ಕಮ್ಮಿ ಹಾಕಿ, ಬೇಕು ಅಂದವರಿಗೆ ಮತ್ತೆ ಹಾಕಿ. ಕಪ್ಪಿನಲ್ಲಾದರೆ ಬೇಕಾದವನಿಗೂ ಬೇಡದವನಿಗೂ ಒಂದೇ ಅಳತೆ.

ಈಗ ನಾನು ಎರಡು ಕ್ರಾಸ್ ಆಚೆಯ ಇನ್ನೊಂದು ದರ್ಶಿನಿಗೆ ಹೋಗುತ್ತೇನೆ. ಟೈಲ್ಸ್ ಹಳೇದು, ಕೈ ತೊಳೆಯುವ ನಲ್ಲಿ ಸೋರುತ್ತದೆ. ಇಡ್ಲಿ ಮೊದಲಿನದರಷ್ಟು ಮೆತ್ತಗಿಲ್ಲ. ಆದರೂ ಅಲ್ಲಿ ಚಟ್ನಿ ಪಾತ್ರೆಯ ಹಿಂದೆ ನಿಲ್ಲುವವರು, ನಾನು ಟೇಬಲ್ ಬಿಟ್ಟು ಹೊರಡುವ ಮೊದಲೇ ಸೌಟು ಅದ್ದಿ ಕಾಯುತ್ತಿರುತ್ತಾರೆ. ಕಾಫಿಯೂ ಚೆನ್ನಾಗಿದೆ. ಡಿಕಾಕ್ಷನ್ ಮೊದಲು, ನೊರೆಹಾಲು ಮೇಲೆ, ಸಕ್ಕರೆ ಕೇಳಿ ಹಾಕುತ್ತಾರೆ. ಬೈಟು ಕೇಳಿದರೂ ಮುಖ ಸಿಂಡರಿಸುವುದಿಲ್ಲ.

ಇನ್ನೊಂದು ಕೊರತೆ ಎಲ್ಲ ದರ್ಶಿನಿಗಳಿಗೂ ಸೇರಿದ್ದು. ನನ್ನ ಅಮ್ಮನಿಗೆ ಮಂಡಿನೋವು, ನಿಂತು ತಿನ್ನಲು ಆಗುವುದಿಲ್ಲ. ಮೂಲೆಯಲ್ಲಿ ನಾಲ್ಕು ಕುರ್ಚಿ ಹಾಕಿದರೆ ಯಾರಿಗೆ ನಷ್ಟ? ಅವರ ಜೊತೆ ಹೋಗುವಾಗ ಗಾಂಧಿಬಜಾರಿನ ವಿದ್ಯಾರ್ಥಿ ಭವನವೇ ಗತಿ. 1943ರ ಹೋಟೆಲು, ಕುಳಿತು ತಿನ್ನಬಹುದು. ದುಡ್ಡು ಜಾಸ್ತಿ, ಕಾಯುವುದೂ ಜಾಸ್ತಿ. ಸರ್ವರ್ ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ಅಮ್ಮ ಇವತ್ತಿಗೂ ಮಗುವಿನ ಹಾಗೆ ನೋಡುತ್ತಾರೆ. ಮಸಾಲೆ ದೋಸೆಗೆ ಅಲ್ಲೂ ಸಾಂಬಾರ್ ಇಲ್ಲ, ಚಟ್ನಿಯನ್ನು ತಂದು ತಂದು ಸುರಿಯುತ್ತಾರೆ.

ಸೌಟಿನಲ್ಲಿ ಹಾಕುವ ದರ್ಶಿನಿಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಕುರ್ಚಿ ಇಲ್ಲದ್ದಕ್ಕೆ ಅರ್ಧ ಕಳೆದಿದ್ದೇನೆ. ಕಪ್ಪಿನಲ್ಲಿ ಕೊಡುವ ಕಡೆಗೆ ಎರಡು. ಹೊಸಬರು ಹೋಗುವುದಾದರೆ ಬ್ರಾಹ್ಮಿನ್ಸ್ ಭಾನುವಾರ ರಜ, ವಿದ್ಯಾರ್ಥಿ ಭವನ ಶುಕ್ರವಾರ ರಜ. ಎಲ್ಲೇ ಆಗಲಿ ಎಂಟು ಗಂಟೆಯೊಳಗೆ ಹೋಗಿ, ಆಗ ತಾನೇ ರುಬ್ಬಿದ ಚಟ್ನಿ ಸಿಗುತ್ತದೆ.