ತಾಂಬೂಲಕ್ಕೆ ಜಪಾನಿನ ಗಂಟು, ಚಪ್ಪರಕ್ಕೆ ವಿಯೆಟ್ನಾಮಿನ ಬುಟ್ಟಿದೀಪ

ಮದುವೆಗೆ ಬಂದವರನ್ನು ನಮ್ಮ ಚಿತ್ರದುರ್ಗದ ಕಡೆ ಬರಿಗೈಯಲ್ಲಿ ಕಳುಹಿಸುವುದಿಲ್ಲ. ತೆಂಗಿನಕಾಯಿ, ಎಲೆ, ಅಡಿಕೆ, ಬಾಳೆಹಣ್ಣು, ಹೆಂಗಸರಿಗಾದರೆ ಜೊತೆಗೊಂದು ಕುಪ್ಪಸದ ಬಟ್ಟೆ. ಈಚೆಗೆ ಇದರ ಮೇಲೆ ರಿಟರ್ನ್ ಗಿಫ್ಟ್ ಎಂಬುದೂ ಸೇರಿಕೊಂಡಿದೆ. ಅಣ್ಣನ ಮಗಳ ಮದುವೆ ವೈಶಾಖದಲ್ಲಿ ನಿಶ್ಚಯವಾದಾಗ ಅವಳಿಗೆ ಜಪಾನ್, ಚೀನಾ, ವಿಯೆಟ್ನಾಂ ಕಡೆಯ ಅಲಂಕಾರದ ಮೇಲೆ ಮನಸ್ಸಾಗಿತ್ತು. “ಅತ್ತೆ, ನೀವೇ ನೋಡಿ ಆರಿಸಿ” ಎಂದಳು. ನಾನು ಯಾವುದನ್ನೂ ಸಗಟಾಗಿ ಕೊಳ್ಳುವ ಮೊದಲು ಒಂದೆರಡನ್ನು ತರಿಸಿ, ಮನೆಯಲ್ಲಿಟ್ಟು ಬಳಸಿ ನೋಡಿದೆ. ನೋಡಿದ್ದು ಎರಡೇ ವಿಷಯ: ಉಡುಗೊರೆಯಾದರೆ ತೆಂಗಿನಕಾಯಿಯ ಜೊತೆ ಹೊಂದಬೇಕು, ಅಲಂಕಾರವಾದರೆ ದುರ್ಗದ ಬಿಸಿಲಿಗೂ ಗಾಳಿಗೂ ತಡೆಯಬೇಕು.

ಉಡುಗೊರೆಗೆ ಪೈಪೋಟಿ ನಡೆದದ್ದು ಮಡಿಚುವ ಬೀಸಣಿಗೆ, ‘ಲಕ್ಕಿ ಬ್ಯಾಂಬೂ’ ಗಿಡ ಮತ್ತು ಜಪಾನಿನ ಫುರೋಶಿಕಿ ಬಟ್ಟೆಯ ನಡುವೆ.

ಬೀಸಣಿಗೆಯ ಮಾತು ಬೇಗ ಮುಗಿಯುತ್ತದೆ. ನಡುಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಅದು ನಿಜಕ್ಕೂ ಉಪಕಾರಿ, ನೋಡಲೂ ಚೆನ್ನ. ಆದರೆ ನಾನು ತರಿಸಿದ್ದರ ಕಡ್ಡಿಗಳನ್ನು ಹಿಡಿದಿಡುವ ಮೊಳೆ ಮಕ್ಕಳ ಕೈಗೆ ಸಿಕ್ಕ ಸಂಜೆಯೇ ಸಡಿಲವಾಯಿತು. ಮಂಟಪದಲ್ಲೇ ಬಳಸಿ ಅಲ್ಲೇ ಬಿಟ್ಟುಹೋಗುವ ವಸ್ತು ಎನ್ನುವುದಾದರೆ ಅಡ್ಡಿಯಿಲ್ಲ. ಮನೆಗೆ ಒಯ್ಯುವ ನೆನಪಿಗೆ ಅದು ಸಾಲದು.

ಲಕ್ಕಿ ಬ್ಯಾಂಬೂ ನನ್ನನ್ನು ಹೆಚ್ಚು ದಿನ ಹಿಡಿದಿಟ್ಟಿತು. ಹೆಸರು ಬಿದಿರಿನದಾದರೂ ಅದು ಬಿದಿರಲ್ಲ. ಡ್ರೆಸೀನಾ ಜಾತಿಯ ಗಿಡ, ಮೂಲ ನೆಲೆ ಆಫ್ರಿಕಾ. ಚೀನೀಯರ ಫೆಂಗ್‌ಶುಯಿ ಪದ್ಧತಿಯಿಂದ ಅದಕ್ಕೆ ಶುಭದ ಅರ್ಥ ಬಂದಿದೆ. ದಂಟುಗಳ ಲೆಕ್ಕಕ್ಕೂ ಒಂದೊಂದು ಅರ್ಥವಿದೆ; ಚೀನೀ ಭಾಷೆಯಲ್ಲಿ ನಾಲ್ಕು ಎಂಬ ಸದ್ದು ಸಾವನ್ನು ನೆನಪಿಸುವುದರಿಂದ ನಾಲ್ಕು ದಂಟು ಕೊಡುವುದಿಲ್ಲ. ನೂರಕ್ಕೆ ಒಂದು ರೂಪಾಯಿ ಸೇರಿಸಿ ಮುಯ್ಯಿ ಮಾಡುವ ನಮಗೆ ಈ ಎಚ್ಚರಿಕೆ ಹೊಸದೇನಲ್ಲ. ಗಾಜಿನ ಲೋಟದಲ್ಲಿ ನೀರು, ನಾಲ್ಕು ಬೆಣಚುಕಲ್ಲು, ಮೂರು ದಂಟು: ಮೇಜಿನ ಮೇಲೆ ಅದರ ಹಸಿರು ಕಣ್ಣಿಗೆ ತಂಪು.

ತೊಂದರೆ ಇರುವುದು ನೀರಿನಲ್ಲಿ. ನಮ್ಮ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಡ್ರೆಸೀನಾ ಜಾತಿಗೆ ಫ್ಲೋರೈಡ್ ಆಗಿಬರುವುದಿಲ್ಲ. ಒಂದು ಲೋಟಕ್ಕೆ ಕೊಳವೆಬಾವಿಯ ನೀರನ್ನೂ ಇನ್ನೊಂದಕ್ಕೆ ಶುದ್ಧ ನೀರಿನ ಘಟಕದಿಂದ ತಂದ ನೀರನ್ನೂ ಹಾಕಿ ಅಕ್ಕಪಕ್ಕ ಇಟ್ಟೆ. ಮೊದಲನೆಯದರ ಎಲೆಯ ತುದಿ ಹಳದಿಗೆ ತಿರುಗಿ, ಆಮೇಲೆ ಕಂದಾಗಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿತು. ಎರಡನೆಯದು ಇಂದಿಗೂ ಹಸಿರಾಗಿದೆ. ಕುಡಿಯುವ ನೀರನ್ನು ಕ್ಯಾನಿನಲ್ಲಿ ಹೊತ್ತು ತರುವ ಮನೆಗಳಿಗೆ, ಅದರಲ್ಲೇ ಪಾಲು ಕೇಳುವ ಗಿಡವನ್ನು ಶುಭವೆಂದು ಕೊಡಲು ನನಗೆ ಮನಸ್ಸು ಬರಲಿಲ್ಲ. ಹತ್ತಿರದ ನಾಲ್ಕಾರು ನೆಂಟರಿಗೆ, ನೀರಿನ ವಿಷಯ ತಿಳಿಸಿ ಕೊಡುವುದಾದರೆ ಒಳ್ಳೆಯ ಉಡುಗೊರೆ. ಮಂಟಪದ ಬಾಗಿಲಲ್ಲಿ ನಿಂತು ನೂರಾರು ಜನಕ್ಕೆ ಹಂಚುವುದಕ್ಕಲ್ಲ.

ಇನ್ನು ಫುರೋಶಿಕಿ. ವಸ್ತು ಏನೂ ಇಲ್ಲ, ಒಂದು ಚೌಕ ಬಟ್ಟೆ, ವಿದ್ಯೆಯೆಲ್ಲ ಗಂಟಿನಲ್ಲಿದೆ. ಜಪಾನೀಯರು ಊಟದ ಡಬ್ಬಿ, ಬಾಟಲಿ, ಉಡುಗೊರೆ ಎಲ್ಲವನ್ನೂ ಇದರಲ್ಲಿ ಕಟ್ಟುತ್ತಾರೆ. ಪ್ಲಾಸ್ಟಿಕ್ ಚೀಲದ ಬಳಕೆ ತಗ್ಗಿಸಲು 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯ್ಕೆ ಇದನ್ನು ಮತ್ತೆ ಬಳಕೆಗೆ ತರಲು ಮುಂದಾಗಿದ್ದರು. ದುಂಡು ವಸ್ತುಗಳಿಗೆಂದೇ ಅವರಲ್ಲಿ ಕಲ್ಲಂಗಡಿ ಕಟ್ಟುವ ಕ್ರಮವೊಂದಿದೆ. ಅದನ್ನು ನೋಡಿದ ಕೂಡಲೇ ನನಗೆ ಹೊಳೆದದ್ದು ತೆಂಗಿನಕಾಯಿ.

ಕಟ್ಟುವುದು ಹೀಗೆ. ಬಟ್ಟೆಯ ನಡುವೆ ಕಾಯಿಯನ್ನು ಜುಟ್ಟು ಮೇಲಾಗಿ ನಿಲ್ಲಿಸಿ. ಎಡಗಡೆಯ ಎರಡು ಮೂಲೆಗಳನ್ನು ಸೇರಿಸಿ ಒಂದು ಗಂಟು, ಬಲಗಡೆಯ ಎರಡಕ್ಕೆ ಇನ್ನೊಂದು. ಈಗ ಎರಡು ಕುಣಿಕೆಗಳಾಗುತ್ತವೆ. ಒಂದನ್ನು ಇನ್ನೊಂದರೊಳಗೆ ತೂರಿಸಿ ಮೇಲಕ್ಕೆಳೆದರೆ ಅದೇ ಹಿಡಿ. ಬಟ್ಟೆ ಕಾಯಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಜುಟ್ಟಿನ ತುದಿ ಸಂದಿಯಿಂದ ಇಣುಕುತ್ತದೆ. ಗಂಟಿನಲ್ಲಿ ಒಂದು ಸೂಕ್ಷ್ಮವಿದೆ: ಮೊದಲ ಸುತ್ತಿನಲ್ಲಿ ಬಲಗೈಯ ತುದಿ ಮೇಲೆ ಬಂದರೆ ಎರಡನೆಯ ಸುತ್ತಿನಲ್ಲಿ ಎಡಗೈಯ ತುದಿ ಮೇಲೆ ಬರಬೇಕು. ಹಾಗೆ ಕಟ್ಟಿದ ಗಂಟು ಭಾರ ಬಿದ್ದಷ್ಟೂ ಬಿಗಿಯಾಗುತ್ತದೆ, ಬೇಕೆಂದಾಗ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ.

ಅವ್ವ ನೋಡಿದವಳೇ, “ಇದು ಬುತ್ತಿಗಂಟಲ್ಲವೇ? ಹೊಲಕ್ಕೆ ರೊಟ್ಟಿ ಒಯ್ಯುವಾಗ ನಾವು ಕಟ್ಟುತ್ತಿರಲಿಲ್ಲವೇ?” ಎಂದಳು. ಅವಳ ಬೆರಳುಗಳು ನನಗಿಂತ ಬೇಗ ಆ ಗಂಟನ್ನು ಕಲಿತವು.

ಬಟ್ಟೆಯ ಅಳತೆಯನ್ನು ಬದಲಿಸಿ ನೋಡಿದೆ. 50 ಸೆಂಟಿಮೀಟರ್ ಚೌಕ ಕಾಯಿಯೊಂದಕ್ಕೆ ಸಾಕು, ಆದರೆ ಹಿಡಿಯಲ್ಲಿ ಕೈ ತೂರುವುದಿಲ್ಲ. 60 ಸರಿಹೊಂದಿತು. ಬಾಳೆಹಣ್ಣು, ಲಾಡುವಿನ ಪೊಟ್ಟಣವೂ ಜೊತೆಗಿದ್ದರೆ 90 ಬೇಕು. ಇಲ್ಲೇ ಈ ಉಪಾಯ ನಮ್ಮದಾಗಿಬಿಡುವುದು: 36 ಇಂಚು, ಅಂದರೆ ಸುಮಾರು 90 ಸೆಂಟಿಮೀಟರ್ ಪನ್ನದ ಬಟ್ಟೆಯನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿದರೆ ಅದೇ ಕುಪ್ಪಸದ ಬಟ್ಟೆ, ಅದೇ ಫುರೋಶಿಕಿ. ಹೇಗೂ ಕೊಡಲೇಬೇಕಾದ ಬಟ್ಟೆಯೇ ಚೀಲವೂ ಆಗುತ್ತದೆ. ಚೀಲದ ಖರ್ಚು ಅಷ್ಟೂ ಉಳಿಯುತ್ತದೆ. ಮಂಟಪಗಳಲ್ಲಿ ಹಂಚುವ, ಬಟ್ಟೆಯಂತೆ ಕಾಣುವ ತೆಳು ಚೀಲಗಳು ಹೆಚ್ಚಿನವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವೇ. ಅವು ನಮ್ಮ ಕೆರೆಯಂಗಳಗಳಲ್ಲಿ ಬಿದ್ದಿರುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಹತ್ತಿ ಮತ್ತು ಕೃತಕ ರೇಷ್ಮೆ ಎರಡರಲ್ಲೂ ಕಟ್ಟಿ ನೋಡಿದೆ. ಕೃತಕ ರೇಷ್ಮೆ ಹೊಳೆಯುತ್ತದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಬಸ್ಸಿನಲ್ಲಿ ಹಿರಿಯೂರು ತಲುಪುವಷ್ಟರಲ್ಲಿ ಗಂಟು ಜಾರಿರುತ್ತದೆ. ಹತ್ತಿಯ ಹಿಡಿತವೇ ಬೇರೆ. ದಾವಣಗೆರೆಯಿಂದ ತಂದ ಸಾದಾ ಹತ್ತಿ ಬಟ್ಟೆ, ಅರಿಶಿನ ಮತ್ತು ಕೆಂಪು ಬಣ್ಣಗಳಲ್ಲಿ, ಎಲ್ಲಕ್ಕಿಂತ ಚೆನ್ನಾಗಿ ನಿಂತಿತು. ಗಂಡಸರ ತಾಂಬೂಲಕ್ಕೆ 60 ಸೆಂಟಿಮೀಟರ್ ಚೌಕದ ಕೈಮಗ್ಗದ ಬಟ್ಟೆ ಆರಿಸಿದೆವು.

ಅಲಂಕಾರದ ವಿಷಯ ಇಷ್ಟು ಸಲೀಸಾಗಿರಲಿಲ್ಲ. ಕಾಗದದ ದುಂಡು ಲಾಟೀನುಗಳು ಅಗ್ಗ. ನಡುಮನೆಯ ಸೂರಿನಿಂದ ಹತ್ತಾರು ಇಳಿಬಿಟ್ಟರೆ ಮನೆಯ ಕಳೆಯೇ ಬದಲಾಗುತ್ತದೆ. ಒಳಗೆ ತೂಗುಹಾಕಲು ಅವನ್ನೇ ಕೊಳ್ಳಿ ಎನ್ನುತ್ತೇನೆ, ಬಿಳಿಯದೊಂದನ್ನು ಬಿಟ್ಟು. ಚೀನಾದಲ್ಲಿ ಬಿಳಿ ಲಾಟೀನು ಸಾವಿನ ಮನೆಯ ಗುರುತು, ಮದುವೆಗೆ ಅವರದು ಕೆಂಪು. ಆದರೆ ಚಪ್ಪರಕ್ಕೆ, ಮಹಡಿಗೆ ಕಾಗದ ಬೇಡ. ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವ ಊರು ನಮ್ಮದು. ಸಂಜೆಯ ಗಾಳಿಗೆ ತಂತಿಯ ಸುತ್ತಿನಗುಂಟ ಕಾಗದ ಸೀಳಿತು. ಉಳಿದದ್ದು ವೈಶಾಖದ ಗುಡುಗು ಮಳೆಯ ನಾಲ್ಕು ಹನಿಗೆ ಬಣ್ಣ ಬಿಟ್ಟು ಸುಣ್ಣದ ಗೋಡೆಯ ಮೇಲೆ ಕೆಂಪು ಗೀರು ಎಳೆಯಿತು.

ವಿಯೆಟ್ನಾಮಿನ ಹೊಯಿ ಆನ್ ಪಟ್ಟಣದ ಬುಟ್ಟಿದೀಪದ ದಾರಿ ಬೇರೆ. ಬಿದಿರಿನ ಬಾಗುಕಡ್ಡಿಗಳ ಮೇಲೆ ರೇಷ್ಮೆ ಬಟ್ಟೆ ಎಳೆದು ಅಂಟಿಸುತ್ತಾರೆ. ಕೊಡೆಯಂತೆ ಮಡಿಚಿ ಎತ್ತಿಡಬಹುದು. ತರಿಸಿದ ಒಂದು ಬುಟ್ಟಿ ಗಾಳಿಗೆ ತೂಗಾಡಿತೇ ಹೊರತು ಹರಿಯಲಿಲ್ಲ. ಬೆಲೆ ಮಾತ್ರ ಕೈಗೆಟುಕುವಂಥದ್ದಲ್ಲ. ದೀಪಾವಳಿಗೆ ಆಕಾಶಬುಟ್ಟಿ ಕಟ್ಟುವ ನಮ್ಮ ಮೇದಾರರಿಗೆ ಅದನ್ನೇ ತೋರಿಸಿದೆ. ಅವರು ಮಡಿಚದ, ನಡು ಉಬ್ಬಿದ ಬಿದಿರಿನ ಚೌಕಟ್ಟು ಮಾಡಿಕೊಟ್ಟರು. ಅದಕ್ಕೆ ಹಳೆಯ ಸೀರೆಗಳನ್ನು ಹೊದಿಸಿ ಒಳಗೆ ಸಣ್ಣ ಎಲ್‌ಇಡಿ ಬಲ್ಬು ಇಟ್ಟೆವು. ಅವ್ವನ ಮೊಳಕಾಲ್ಮೂರು ಸೀರೆಯ ಅಂಚು ಬೆಳಕಿನಲ್ಲಿ ಎದ್ದು ಕಂಡಾಗ ಬೀಗರ ಮನೆಯವರು ಹತ್ತಿರ ಬಂದು ಮುಟ್ಟಿ ನೋಡಿದರು. ಚಪ್ಪರಕ್ಕೆ ನನ್ನ ಆಯ್ಕೆ ಇದೇ.

ಕಾಗದದ ಕೊಕ್ಕರೆಗಳನ್ನೂ ಮಡಿಚಿದೆವು. ಜಪಾನಿನಲ್ಲಿ ಕೊಕ್ಕರೆ ದೀರ್ಘಾಯುಷ್ಯದ ಹಕ್ಕಿ. ಸಾವಿರ ಮಡಿಚಿ ಪೋಣಿಸಿದರೆ ಹಾರೈಕೆ ಫಲಿಸುತ್ತದೆಂಬ ನಂಬಿಕೆ. ಮದುಮಗಳ ಕೋಣೆಗೆ ಮಾಲೆ ಸೊಗಸಾಗಿ ಕಂಡಿತು, ಮಕ್ಕಳಿಗೂ ಒಳ್ಳೆಯ ಕೆಲಸ. ಲಗ್ನಪತ್ರಿಕೆಯ ದಪ್ಪ ಕಾಗದ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ತೆಳುವಾದದ್ದನ್ನೇ ಬಳಸಿ. ತಲೆಬಾಗಿಲಿಗೆ ಮಾತ್ರ ಮಾವಿನ ತೋರಣದ ಜಾಗವನ್ನು ಅದಕ್ಕೆ ಕೊಡಲು ನಾನು ಒಪ್ಪಲಿಲ್ಲ.

ಫುರೋಶಿಕಿ ಮಾಡಿಸುವವರು ಬಟ್ಟೆಯ ಅಂಚನ್ನು ಮೊದಲೇ ಹೊಲಿಸಿ, ಗಾಢ ಬಣ್ಣದ್ದಾದರೆ ಒಮ್ಮೆ ನೀರಿಗೆ ಹಾಕಿ ಬಣ್ಣ ಬಿಡುವುದೇ ನೋಡಿ. ಹಿಂದಿನ ರಾತ್ರಿಯೇ ಕಟ್ಟಿಡಬೇಡಿ, ಬಾಳೆಹಣ್ಣು ನಜ್ಜಾಗುತ್ತದೆ, ಎಲೆ ಬಾಡುತ್ತದೆ. ಧಾರೆ ಮುಗಿದು ಊಟ ಶುರುವಾದಾಗ ಗಂಟು ಗೊತ್ತಿರುವ ಐದಾರು ಜನ ಮಂಟಪದ ಹಿಂದಿನ ಕೋಣೆಯಲ್ಲಿ ಕುಳಿತರೆ ಕೈತೊಳೆದು ಬರುವವರ ಹೊತ್ತಿಗೆ ತಾಂಬೂಲ ಸಿದ್ಧವಾಗಿರುತ್ತದೆ.