ದವಡೆಗೆ ಕಟ್ಟುವ ಐಸ್ ಪಟ್ಟಿ: ತಂಪು ಪರವಾಗಿಲ್ಲ, ಹೊಲಿಗೆ ಕೇಳಬೇಡಿ

ಬುದ್ಧಿಹಲ್ಲು ತೆಗೆಸಿಕೊಂಡವರಿಗೆ ಅಂತಲೇ ಒಂದು ಪಟ್ಟಿ ಸಿಗುತ್ತದೆ. ಎರಡೂ ಕೆನ್ನೆಗೆ ಒಂದೊಂದು ಜೇಬು, ಜೇಬಿನೊಳಗೆ ನೀಲಿ ಜೆಲ್ ಪ್ಯಾಕ್, ನೆತ್ತಿಯ ಮೇಲೆ ವೆಲ್ಕ್ರೋ. ರಾಯಚೂರಿನ ಸ್ಟೇಷನ್ ರೋಡ್ ಕಡೆಯ ಒಂದು ಮೆಡಿಕಲ್‌ನಲ್ಲಿ 380 ರೂಪಾಯಿ ಕೊಟ್ಟು ತಗೊಂಡೆ. ಕಂಪನಿ ಹೆಸರು ಬೇಡ, ಇದೇ ನಮೂನೆಯದನ್ನು ಎಷ್ಟೋ ಹೆಸರಲ್ಲಿ ಮಾರುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಹಾಗಾಗಿ ತಂಪಿನ ಮಾತು ಆಮೇಲೆ, ಮೊದಲು ಹೊಲಿಗೆ ನೋಡೋಣ.

ಎಲಾಸ್ಟಿಕ್ ಬಟ್ಟೆಗೆ ಸೇರುವ ಜಾಗದಲ್ಲಿ ಒಂದೇ ಸಾಲು ಹೊಲಿಗೆ. ಅದೂ ಉದ್ದುದ್ದ. ಕೊನೆಯಲ್ಲಿ ರಿವರ್ಸ್ ಹೊಡೆದು ಗಟ್ಟಿ ಮಾಡಿಲ್ಲ, ದಾರ ಸುಮ್ನೆ ಕತ್ತರಿಸಿ ಬಿಟ್ಟಿದ್ದಾರೆ. ಎಳೆದು ಕಟ್ಟುವ ವಸ್ತು ಅಲ್ವಾ, ಜೋರು ಬೀಳುವುದೇ ಅಲ್ಲಿ. ನಾಲ್ಕು ಸಲ ಕಟ್ಟಿ ಬಿಚ್ಚುವಷ್ಟರಲ್ಲಿ ಒಂದು ಕಡೆ ಬಿಟ್ಟುಕೊಂಡು ಪಟ್ಟಿ ಹೆಗಲ ಮೇಲೆ ಬಿತ್ತು. ಡಾಕ್ಟರ್ ನನ್ನ ವಸಡಿಗೆ ಹಾಕಿದ ಹೊಲಿಗೆ ವಾರ ಕಳೆದು ಬಿಚ್ಚುವ ತನಕ ಅಲುಗಲಿಲ್ಲ, ಅವರಿಗಿದ್ದ ಜಾಗ ಇದಕ್ಕಿಂತ ಎಷ್ಟು ಇಕ್ಕಟ್ಟು ನೋಡಿ! ಬಗ್ಗಿ ಕೆಲಸ ಮಾಡಬೇಡಿ ಅಂದಿದ್ದರಿಂದ ಮಷಿನ್ ಮುಟ್ಟುವ ಹಾಗಿರಲಿಲ್ಲ. ಎರಡು ದಿಂಬಿಗೆ ಒರಗಿಕೊಂಡು ಕೈಯಲ್ಲೇ ಜೋಡಿ ದಾರದಲ್ಲಿ ಹೊಲಿದುಕೊಂಡೆ.

ವೆಲ್ಕ್ರೋದ್ದು ಇನ್ನೊಂದು ಕಥೆ. ಕೂದಲು ಹಿಡಿಯುತ್ತದೆ. ತುರುಬು ಕಟ್ಟಿದರೆ ಪಟ್ಟಿ ಹಿಂದಕ್ಕೆ ಜಾರುತ್ತದೆ, ಜಡೆ ಇಳಿಬಿಡಬೇಕು. ನಮ್ಮಂಥವರ ಮನೆಯಲ್ಲಿ ಮಂಚದ ಮೇಲೂ ದಾರದ ತುಂಡು ಬಿದ್ದಿರುತ್ತವಲ್ಲ, ಅವೆಲ್ಲ ಅದರ ಮುಳ್ಳಿಗೆ ಸೇರಿಕೊಂಡು ಕೆಂಪು, ಹಸಿರು, ಜರಿ ಬಣ್ಣದ ಮೀಸೆ ಬಂದಿತ್ತು. ಸೂಜಿಯಿಂದ ಕೆದರಿ ತೆಗೆಯದೆ ಅಂಟುತ್ತಲೇ ಇರಲಿಲ್ಲ.

ಇನ್ನು ತಂಪು. ಡಬ್ಬಿ ಮೇಲೆ ಫ್ರೀಜರ್‌ನಲ್ಲಿ 2 ಗಂಟೆ ಇಡಿ ಅಂತಿದೆ. ಡಾಕ್ಟರ್ ಹೇಳಿದ್ದು 20 ನಿಮಿಷ ಇಡಿ, 20 ನಿಮಿಷ ತೆಗೀರಿ, ಮೊದಲ ಎರಡು ದಿನ ಮಾತ್ರ. ಲೆಕ್ಕ ಕೂಡಿ ಬರುತ್ತಾ? ಒಂದು ಸಲ ಬಿಸಿಯಾದ ಪ್ಯಾಕ್ ಮತ್ತೆ ಗಟ್ಟಿಯಾಗಲು 2 ಗಂಟೆ ಬೇಕು, ಡಬ್ಬಿಯಲ್ಲಿ ಕೊಡುವುದು ಒಂದೇ ಜೋಡಿ. ಮೇ ತಿಂಗಳಲ್ಲಿ ರಾಯಚೂರಿನ ಫ್ಯಾನ್ ಗಾಳಿ ನಿಮಗೇ ಗೊತ್ತು, ಕಾಲು ಗಂಟೆಗೆಲ್ಲ ಜೆಲ್ ಮೆತ್ತಗಾಗಿ ಕತ್ತಿನ ಮೇಲೆ ನೀರಿಳಿಯುತ್ತದೆ. ಅದರ ಮೇಲೆ ಮಧ್ಯಾಹ್ನ ಕರೆಂಟ್ ಹೋಯಿತು. ಶಕ್ತಿನಗರದ ಥರ್ಮಲ್ ಇಲ್ಲೇ ಪಕ್ಕದಲ್ಲಿದೆ, ಏನು ಪ್ರಯೋಜನ! ನಡುವಿನ ಹೊತ್ತಿಗೆ ಐಸ್ ಚೂರುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಲೈನಿಂಗ್ ಬಟ್ಟೆ ಸುತ್ತಿ ಅದೇ ಜೇಬಿಗೆ ತುರುಕಿದೆ. ಜೆಲ್‌ಗಿಂತ ಕಡಿಮೆಯೇನೂ ಅನ್ನಿಸಲಿಲ್ಲ.

ಜೇಬಿನ ಒಳಮೈ ಬಟ್ಟೆ ಬಹಳ ತೆಳು. ಮೇಲೊಂದು ಕರ್ಚೀಫ್ ಇಟ್ಟೇ ಕಟ್ಟಿ. ಅರಿವಳಿಕೆ ಇಳಿಯುವ ತನಕ ತುಟಿ, ಗದ್ದ ಮರಗಟ್ಟಿರುತ್ತವೆ, ಚರ್ಮ ಐಸಿಗೆ ಸುಟ್ಟರೂ ತಿಳಿಯುವುದಿಲ್ಲ. ಇಷ್ಟು ಮುಖ್ಯವಾದ ವಿಷಯವನ್ನು ಡಬ್ಬಿ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕಿದ್ದಾರೆ.

ಬಾವು ನೋಡಿ ನಮ್ಮತ್ತೆ, "ಐಸ್ ಯಾಕವ್ವಾ, ಉಪ್ಪು ಹುರಿದು ಗಂಟು ಕಟ್ಟಿ ಕಾವು ಕೊಡ್ತೀನಿ ತಡಿ" ಅಂತ ಬಾಣಲೆ ಇಟ್ಟೇಬಿಟ್ಟಿದ್ದರು. ನನಗೋ ಬಾಯಿ ತೆರೆಯಲು ಆಗದು. ನಮ್ಮ ಮನೆಯವರು ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು. ಈಗಲೇ ಕಾವು ಕೊಟ್ಟರೆ ಅಲ್ಲಿಗೆ ರಕ್ತ ಜಾಸ್ತಿ ಹರಿದು ಬಾವು ಏರುತ್ತದೆ, ಎರಡು ದಿನ ಕಳೆದ ಮೇಲೆ ಬೆಚ್ಚಗೆ ಕೊಡಿ ಅಂದರು. ಆಮೇಲೆ ಅದೇ ಜೆಲ್ ಪ್ಯಾಕ್ ಬಿಸಿನೀರಲ್ಲಿ ಅದ್ದಿ ಇಟ್ಟುಕೊಂಡೆ. ಬಿಗಿದ ದವಡೆ ಸಡಿಲವಾಗಲು ಅದು ಐಸಿಗಿಂತ ಹಿತವಾಗಿತ್ತು. ಪಟ್ಟಿಗೆ ಕೊಟ್ಟ ದುಡ್ಡು ಹುಟ್ಟಿದ್ದು ಅಲ್ಲೇ ಅನ್ನಬಹುದು.

ಬಾವು ಸಾಮಾನ್ಯವಾಗಿ ಎರಡು ಮೂರನೇ ದಿನಕ್ಕೆ ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ. ಇಳಿಯುವ ಬದಲು ಆ ಹೊತ್ತಿಗೆ ಕಿವಿ ತನಕ ಹೊಡೆಯುವ ನೋವು ಶುರುವಾದರೆ ಯಾವ ಪಟ್ಟಿಯೂ ಕೆಲಸಕ್ಕೆ ಬಾರದು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಹೋಗಿರಬಹುದು, ಡ್ರೈ ಸಾಕೆಟ್ ಅನ್ನುತ್ತಾರೆ, ಡಾಕ್ಟರ್ ಹತ್ತಿರವೇ ಹೋಗಬೇಕು. ಬೀಡಿ ಸಿಗರೇಟು ಸೇದುವವರಿಗೆ, ತಂಬಾಕು ಹಾಕುವವರಿಗೆ ಇದರ ಭಯ ಜಾಸ್ತಿ. ಸ್ಟ್ರಾ ಹಾಕಿ ಹೀರುವುದು, ಜೋರಾಗಿ ಉಗುಳುವುದು ಕೂಡ ಬೇಡ. ಎಳನೀರನ್ನು ತಂಬಿಗೆಗೆ ಹಾಕಿಸಿಕೊಂಡು ಬಂದರಾಯಿತು. ಊಟಕ್ಕೆ ಜೋಳದ ಅಂಬಲಿ, ಮೆತ್ತನೆ ಮೊಸರನ್ನ. ರೊಟ್ಟಿ, ಮಿರ್ಚಿ ಮಂಡಕ್ಕಿ ಮರೆತುಬಿಡಿ.

ಹಾಗಾದರೆ ತಗೋಬೇಕಾ? ತಂಪಿಗೆ ಅಂತಾದರೆ ಬೇಡ, ಕರ್ಚೀಫಿನಲ್ಲಿ ಐಸ್ ಸಾಕು. ಇದು ಕೊಡುವುದು ಎರಡು ಖಾಲಿ ಕೈ. ಕೂಸಿರುವವರಿಗೆ, ಒಬ್ಬರೇ ಇರುವವರಿಗೆ, ಎರಡೂ ಕಡೆ ಒಟ್ಟಿಗೆ ತೆಗೆಸುವವರಿಗೆ ಅನುಕೂಲ. ಮದುವೆ ಸೀಸನ್ನಿನಲ್ಲಿ ನನ್ನ ಹೆಮ್ಮಿಂಗ್ ನಿಲ್ಲಲಿಲ್ಲ. ಸೀರೆ ಕೊಡಲು ಬಂದವರು ನನ್ನ ಅವತಾರ ನೋಡಿ ನಕ್ಕು, ರೇಟು ಚೌಕಾಸಿ ಮಾಡದೆ ಹೋದರು.

ಐದಕ್ಕೆ ಎರಡೂವರೆ ಕೊಡುತ್ತೇನೆ. ತಗೊಳ್ಳುವುದಿದ್ದರೆ ಹಲ್ಲು ತೆಗೆಸುವ ಮೊದಲೇ ತಗೊಂಡು, ಅಂಗಡಿಯಲ್ಲೇ ತಲೆಗೆ ಕಟ್ಟಿ ನೋಡಿ. ಜೇಬು ಕಿವಿಯ ಕೆಳಗೆ ದವಡೆಯ ಮೂಲೆಗೆ ಕೂರಬೇಕು, ಕೆನ್ನೆಯ ನಡುವೆ ಅಲ್ಲ. ಡಬ್ಬಿ ಒಡೆದ ಮೇಲೆ ನನ್ನ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.