ಈವ್ಶಮ್ ಬಯಲಿನ ಪಬ್‌ನಲ್ಲಿ ಸೇಂಟ್ ಜಾರ್ಜ್ ದಿನದ ಊಟ: ನಾಲ್ಕು ಸ್ಟಾರ್

ಊಟ ತುಂಬಾ ಚೆನ್ನಾಗಿತ್ತು, ಹಬ್ಬ ಅದಕ್ಕಿಂತ ಚೆನ್ನಾಗಿತ್ತು. ಆದರೆ ಒಳಗೆ ಹಬ್ಬ ಇದೆ ಅಂತ ಹೊರಗೆ ಎಲ್ಲೂ ಹೇಳಿರಲಿಲ್ಲ. ಅದಕ್ಕೇ ಒಂದು ಸ್ಟಾರ್ ಕಡಿಮೆ.

ಪಬ್ ಇರುವುದು ವೂಸ್ಟರ್‌ಶೈರ್‌ನ ಈವ್ಶಮ್ ಬಯಲಿನ ಸಣ್ಣ ಹಳ್ಳಿಯಲ್ಲಿ. ಏಪ್ರಿಲ್ 23 ಇಂಗ್ಲೆಂಡಿನ ಪೋಷಕ ಸಂತ ಜಾರ್ಜ್‌ನ ದಿನ. ಆದರೆ ಅವತ್ತು ಇಲ್ಲಿ ರಜೆ ಇಲ್ಲ. ಸ್ಕಾಟ್ಲೆಂಡಿನಲ್ಲಿ ಸೇಂಟ್ ಆಂಡ್ರ್ಯೂ ದಿನಕ್ಕೆ, ಉತ್ತರ ಐರ್ಲೆಂಡಿನಲ್ಲಿ ಸೇಂಟ್ ಪ್ಯಾಟ್ರಿಕ್ ದಿನಕ್ಕೆ ರಜೆ ಉಂಟು. ಹಾಗಾಗಿ ಈ ಪಬ್‌ನವರು ಹತ್ತಿರದ ಭಾನುವಾರ ಊಟ ಇಡುತ್ತಾರೆ. ನಮಗೆ ಹೇಳಿದ್ದು ಪಕ್ಕದ ಮನೆಯ ಅಜ್ಜ. ಅವರು ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಮೊದಲು ಬಂದದ್ದು ಅಸ್ಪ್ಯಾರಗಸ್. ಇದು ಈ ಬಯಲಿನದೇ ಬೆಳೆ. ಸೇಂಟ್ ಜಾರ್ಜ್ ದಿನಕ್ಕೆ ಸೀಸನ್ ಶುರು ಅನ್ನುವುದು ಇಲ್ಲಿನವರ ಹಳೇ ಲೆಕ್ಕ. ನಮ್ಮ ಶತಾವರಿಯ ಬಳಗದ ಗಿಡವೇ, ಆದರೆ ಇಲ್ಲಿ ತಿನ್ನುವುದು ಬೇರನ್ನಲ್ಲ, ಮಣ್ಣಿನಿಂದ ಆಗಷ್ಟೇ ಎದ್ದ ಎಳೇ ಚಿಗುರನ್ನು. ಬೆಣ್ಣೆ, ಉಪ್ಪು, ಕಾಳುಮೆಣಸು, ಅಷ್ಟೇ. ತುದಿ ಮೆತ್ತಗಿತ್ತು, ಕೆಳಗಿನ ಭಾಗ ಕಚ್ಚಿದರೆ ರಸ ಬರುತ್ತಿತ್ತು. ಸೂಪರ್‌ಮಾರ್ಕೆಟ್ಟಿಗೆ ಪೆರುವಿನಿಂದ ಬರುವ ಅಸ್ಪ್ಯಾರಗಸ್ ತಿಂದು ಇದಕ್ಕೆ ರುಚಿಯೇ ಇಲ್ಲ ಅಂದುಕೊಂಡಿರುವವರು ಏಪ್ರಿಲ್ ಕೊನೆಗೆ ಈ ಕಡೆ ಒಮ್ಮೆ ಬರಲೇಬೇಕು.

ನಾನು ಮಾಂಸ ತಿನ್ನುವುದಿಲ್ಲ. ನನಗೆ ಮಾಂಸದ ಬದಲು ಬಾದಾಮಿ, ಗೋಡಂಬಿಯಂಥ ಬೀಜಗಳಿಂದ ಮಾಡುವ ನಟ್ ರೋಸ್ಟ್ ಕೊಟ್ಟರು, ಸ್ವಲ್ಪ ಒಣಗಿತ್ತು. ಗ್ರೇವಿ ಯಾವುದರದ್ದು, ಯಾರ್ಕ್‌ಷೈರ್ ಪುಡ್ಡಿಂಗಿಗೆ (ಇದು ಸಿಹಿಯಲ್ಲ, ಊಟದ ಜೊತೆ ಕೊಡುವ ಉಬ್ಬಿದ ಹಿಟ್ಟಿನ ತಿಂಡಿ) ದನದ ಕೊಬ್ಬು ಹಾಕಿದ್ದಾರಾ ಅಂತ ಮೊದಲೇ ಕೇಳಿ. ಕೇಳಿದ್ದಕ್ಕೆ ನನಗೆ ಬೇರೆಯೇ ಮಾಡಿಕೊಟ್ಟರು, ಮುಖ ಗಂಟಿಕ್ಕಲಿಲ್ಲ. ನಮ್ಮವರು ಕೋಳಿ ತಗೊಂಡರು. ಒಬ್ಬರಿಗೆ 24 ಪೌಂಡ್, ಕಸ್ಟರ್ಡ್ ಹಾಕಿದ ಸ್ಪಂಜ್ ಪುಡ್ಡಿಂಗ್ ಸೇರಿ. ಜಾಸ್ತಿ ಅನಿಸಲಿಲ್ಲ.

ಊಟ ಆದ ಮೇಲೆ ಅಂಗಳದಲ್ಲಿ ಮಮ್ಮರ್ಸ್ ನಾಟಕ, ಅಂದರೆ ಇಂಗ್ಲೆಂಡಿನ ಹಳ್ಳಿಗಳ ಹಳೇ ಜಾನಪದ ಆಟ. ಆಡಿದವರು ಊರಿನವರೇ. ಬಣ್ಣದ ಬಟ್ಟೆ ಚೂರುಗಳನ್ನು ಹೊಲಿದ ಕೋಟು, ಮರದ ಕತ್ತಿ, ಗಟ್ಟಿ ದನಿಯಲ್ಲಿ ಪ್ರಾಸದ ಮಾತು. ದಾವಣಗೆರೆ ಕಡೆ ಬಯಲಾಟ ನೋಡಿ ಬೆಳೆದವಳಿಗೆ ಇದು ಪರದೇಶದ್ದು ಅನ್ನಿಸಲೇ ಇಲ್ಲ. ಸಂತ ಜಾರ್ಜ್ ಮತ್ತು ಟರ್ಕಿಯ ಯೋಧ ಕಾದಾಡುತ್ತಾರೆ, ಒಬ್ಬ ಸಾಯುತ್ತಾನೆ, ವೈದ್ಯ ಬಂದು ಬಾಯಿಗೆ ಔಷಧಿ ಬಿಟ್ಟು ಎಬ್ಬಿಸುತ್ತಾನೆ. ಮಕ್ಕಳೆಲ್ಲ ಕೂಗಿ ಕೂಗಿ ವೈದ್ಯನನ್ನು ಕರೆದರು. ನನ್ನ ಮಗಳ ದನಿ ಎಲ್ಲರಿಗಿಂತ ಜೋರಾಗಿತ್ತು. ನಾಟಕದಲ್ಲಿ ಟರ್ಕಿಯವನು ಶತ್ರು, ಆದರೆ ಜಾರ್ಜ್‌ನ ಮನೆತನವೇ ಈಗಿನ ಟರ್ಕಿಯಲ್ಲಿರುವ ಕಪಡೋಕಿಯಾದ್ದು ಅನ್ನುತ್ತದೆ ಐತಿಹ್ಯ. ರೋಮ್ ಸೈನ್ಯದವನು, 303ರಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟವನು. ಇಂಗ್ಲೆಂಡಿಗೆ ಕಾಲಿಟ್ಟವನೇ ಅಲ್ಲ. ಜಾರ್ಜಿಯಾ, ಇಥಿಯೋಪಿಯಾ, ಕ್ಯಾಟಲೋನಿಯಾಕ್ಕೂ ಅವನೇ ಸಂತ. ಇದನ್ನು ನಾಟಕದ ಮುಂಚೆ ಯಾರಾದರೂ ಎರಡು ಮಾತಿನಲ್ಲಿ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಈಗ ಆ ಒಂದು ಸ್ಟಾರ್ ವಿಷಯ. ಹೊರಗಿನ ಬೋರ್ಡಿನಲ್ಲಿ ಬರೆದಿದ್ದದ್ದು 'ವಸಂತದ ಊಟ' ಅಂತ ಮಾತ್ರ. ಬಿಳಿ ಮೇಲೆ ಕೆಂಪು ಶಿಲುಬೆಯ ಸಂತ ಜಾರ್ಜ್ ಬಾವುಟ, ಅಂದರೆ ಇಂಗ್ಲೆಂಡಿನ ಬಾವುಟ, ಒಳಗಿನ ಗೋಡೆ ಮೇಲಿತ್ತು, ರಸ್ತೆಗೆ ಕಾಣುತ್ತಿರಲಿಲ್ಲ. ಯಾಕೆ ಅಂತ ಪಬ್ ನಡೆಸುವ ಹೆಂಗಸನ್ನು ಕೇಳಿದೆ. 'ಜನ ತಪ್ಪು ತಿಳ್ಕೋತಾರೆ, ನಿಮ್ಮಂಥವರು ಬರದೇ ಹೋದರೆ?' ಅಂದರು. ಅವರ ಕಾಳಜಿ ನಿಜವಾದದ್ದು. 2025ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ದೀಪದ ಕಂಬಗಳಿಗೆ ಇದೇ ಬಾವುಟ ಕಟ್ಟಿದ್ದರು, ಅದು ವಲಸೆ ಬಂದವರ ವಿರುದ್ಧದ ಗುರುತು ಅಂತ ನಮ್ಮಂಥ ಎಷ್ಟೋ ಜನರಿಗೆ ಅನ್ನಿಸಿತ್ತು. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಬರುವಾಗ ಅವುಗಳ ಕೆಳಗೆ ನಡೆಯಲು ನನಗೆ ಅಳುಕಾಗುತ್ತಿತ್ತು. ಈ ಪಬ್ಬಿನಲ್ಲಿ ಅದೇ ಬಾವುಟದ ಕೆಳಗೆ ಪರಿಚಯವೇ ಇಲ್ಲದವರು ಬೆಂಚಿನಲ್ಲಿ ಸರಿದು ನಮಗೆ ಜಾಗ ಕೊಟ್ಟರು. ಇದನ್ನು ಪಬ್ ನಡೆಸುವ ಆ ಹೆಂಗಸಿಗೆ ಹೇಳಿದೆ. ನೀವು ಒಳಗೆ ಮುಚ್ಚಿಟ್ಟರೆ ಹೊರಗೆ ಕಾಣುವುದು ಕಂಬದ ಬಾವುಟ ಮಾತ್ರ, ಅಲ್ವಾ?

ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಥೇಮ್ಸ್ ದಡದಲ್ಲಿ, 2015ರಿಂದ ಬಸವಣ್ಣನ ಪ್ರತಿಮೆ ಇದೆ. ಬಸವ ಜಯಂತಿ ಕೆಲವು ವರ್ಷ ಸೇಂಟ್ ಜಾರ್ಜ್ ದಿನದ ವಾರದಲ್ಲೇ ಬರುತ್ತದೆ. ನಾವು ನಮ್ಮವರನ್ನು ಬಯಲಲ್ಲಿ ನಿಂತು ನೆನೆಯಬಹುದಾದರೆ, ಈ ನೆಲದವರು ತಮ್ಮ ದಿನವನ್ನು ಬೇರೆ ಹೆಸರಲ್ಲಿ ಮಾಡುವುದು ನನಗೆ ಸಂಕಟದ ವಿಷಯ. ಮುಂದಿನ ವರ್ಷ ಬೋರ್ಡಿನಲ್ಲಿ ಹೆಸರು ಬರೆಯಿರಿ, ನಮ್ಮ ಕನ್ನಡ ಗೆಳೆಯರನ್ನೆಲ್ಲ ನಾನು ಕರೆತರುತ್ತೇನೆ ಅಂತ ಹೇಳಿ ಬಂದಿದ್ದೇನೆ.

ಹೋಗುವವರು ಮೊದಲೇ ಫೋನ್ ಮಾಡಿ ಟೇಬಲ್ ಹಿಡಿಯಿರಿ. ಭಾನುವಾರ ಹಳ್ಳಿ ಬಸ್ ನಂಬಬೇಡಿ, ಕಾರು ಬೇಕು. ಹಬ್ಬ ತಪ್ಪಿದರೂ ಅಸ್ಪ್ಯಾರಗಸ್ ಜೂನ್ ನಡುವಿನ ತನಕ ಸಿಗುತ್ತದೆ.